ಹೊಸ ಪಿಸ್ತೂಲು, ಹಳೇ ಪಂಪಿನ ಕಾಯಿಲೆ

ಪಾರ್ಸಲ್ಲು ಬಂದಿದ್ದು 2024ರ ಆಗಸ್ಟ್ 14ರ ಸಂಜೆ. ಒಳಗಿದ್ದದ್ದು ಗಾಳಿ ಪಿಸ್ತೂಲು, ನಳಿಗೆ ಮುರಿದು (ಅಂದರೆ ಕೀಲಿನಲ್ಲಿ ಬಗ್ಗಿಸಿ) ಸ್ಪ್ರಿಂಗು ಎಳೆಯುವ ಜಾತಿಯದ್ದು, ಬೋರು, ಅಂದರೆ ನಳಿಗೆಯ ತೂತು, 0.177 ಇಂಚು. ನನಗಲ್ಲ, ತಂಗಿಯ ಮಗಳಿಗೆ. ಜುಲೈ 28ರಂದು ಪ್ಯಾರಿಸ್ಸಿನಲ್ಲಿ ಮನು ಭಾಕರ್ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದದ್ದನ್ನು ಟಿ.ವಿ.ಯಲ್ಲಿ ನೋಡಿದ ಕೂಸು ಮಾರನೇ ದಿನದಿಂದಲೇ ಹಠ ಹಿಡಿದಿತ್ತು. ಸ್ಪರ್ಧೆಯವರು ಬಳಸುವ ಪಿಸ್ತೂಲಿನ ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿ ಇರುತ್ತದೆ, ಅದರ ಬೆಲೆ ಕೇಳಿದರೆ ಅರ್ಧ ಎಕರೆಯ ಅಡಿಕೆ ಫಸಲು ನೆನಪಾಗುತ್ತದೆ. ಕೈ ನಿಲ್ಲಿಸುವುದನ್ನು ಕಲಿಯಲಿಕ್ಕೆ ಸ್ಪ್ರಿಂಗಿನದ್ದೇ ಸಾಕು, ಚೌತಿಗೆ ಬಾ, ತಯಾರು ಮಾಡಿಟ್ಟಿರುತ್ತೇನೆ ಎಂದಿದ್ದೆ. ಚೌತಿ ಸೆಪ್ಟೆಂಬರ್ 7ಕ್ಕೆ.

ನನ್ನ ಕಸುಬು ಮದ್ದು ಹೊಡೆಯುವ ಪಂಪಿನ ರಿಪೇರಿ. ಶಿರಸಿ ಯಲ್ಲಾಪುರ ನಾಕೆಯ ಹತ್ತಿರ ಸಣ್ಣ ಅಂಗಡಿ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಹಂಗಾಮಿನಲ್ಲಿ ಬೋರ್ಡೋ ದ್ರಾವಣ ಹಿಡಿದು ನೀಲಿಗಟ್ಟಿದ ಪಂಪುಗಳು ಬಾಗಿಲವರೆಗೆ ಸಾಲು ನಿಂತಿರುತ್ತವೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಬಲೂನು ಹೊಡೆಸುವ ಅಂಗಡಿಯವರೂ ತಮ್ಮ ಕೋವಿ ಹಿಡಿದು ಬರುತ್ತಾರೆ, ಗಾಳಿ ಕಮ್ಮಿಯಾಗಿದೆ ಅಣ್ಣಾ, ವಾಸರ್ ಹಾಕಿಕೊಡಿ ಎಂದು. ಗಾಳಿ ಕೋವಿ ಎಂದರೆ ಸಿಲಿಂಡರು, ಪಿಸ್ಟನ್ನು, ತುದಿಗೊಂದು ವಾಸರ್, ಮುಂದೊಂದು ತೂತು. ಪಂಪಿನದ್ದೂ ಅದೇ ಕತೆ. ಪಂಪಿನಲ್ಲಿ ನಿಮ್ಮ ಕೈ ದೂಡುತ್ತದೆ, ಇಲ್ಲಿ ಸ್ಪ್ರಿಂಗು ದೂಡುತ್ತದೆ. ಇಷ್ಟು ಗೊತ್ತಿದ್ದೂ ನಾನು ಎರಡು ವಾರ ಸುತ್ತು ಹೊಡೆದೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. 2016ರ ಆಯುಧ ನಿಯಮಗಳ ಪ್ರಕಾರ ಬೋರು 0.177 ಇಂಚು ಮೀರದ, ಶಕ್ತಿ 20 ಜೂಲ್ ಮೀರದ ಗಾಳಿ ಕೋವಿಗೆ ಪರವಾನಗಿ ಬೇಡ. ಇದರ ಶಕ್ತಿ ಮೂರೂವರೆ ಜೂಲಿನ ಸುತ್ತಮುತ್ತ. ಅಪ್ಪನ ಕಾಲದ ಬೆಳೆ ರಕ್ಷಣೆಯ ಕೋವಿಯೂ ಮನೆಯಲ್ಲಿದೆ, ಪರವಾನಗಿಯದ್ದು. ಮೇ 7ರ ಲೋಕಸಭೆ ಮತದಾನಕ್ಕೆ ಮೊದಲು ಠಾಣೆಗೆ ಒಪ್ಪಿಸಿ ಆಮೇಲೆ ವಾಪಸು ತಂದದ್ದು. ಅದು ಕೆಟ್ಟರೆ ನಾನು ಸ್ಕ್ರೂ ಡ್ರೈವರು ಮುಟ್ಟುವುದಿಲ್ಲ. ಅದನ್ನು ರಿಪೇರಿ ಮಾಡುವವನಿಗೂ ಪರವಾನಗಿ ಇರಬೇಕು. ಇಲ್ಲಿ ಬರೆಯುವುದೆಲ್ಲ ಗಾಳಿಯದ್ದಕ್ಕೆ ಮಾತ್ರ.

ಆಗಸ್ಟ್ 15. ಅಂಗಡಿಗೆ ರಜೆ. ದನ ಸಾಕುವುದು ಬಿಟ್ಟ ಮೇಲೆ ನಮ್ಮ ಕೊಟ್ಟಿಗೆ ಖಾಲಿ ಬಿದ್ದಿದೆ, ಉದ್ದ ಹನ್ನೊಂದು ಮೀಟರು. ಒಂದು ತುದಿಗೆ ಮರಳು ತುಂಬಿದ ಗೊಬ್ಬರದ ಚೀಲ ಮೂರು ಪೇರಿಸಿ ಅದರ ಮುಂದೆ ಗುರಿಯ ಕಾಗದ ಕಟ್ಟಿದೆ. ಇನ್ನೊಂದು ತುದಿಗೆ ಮೇಜು, ಮೇಜಿನ ಮೇಲೆ ಅಕ್ಕಿ ತುಂಬಿದ ಸಣ್ಣ ಚೀಲ, ಅದರ ಮೇಲೆ ಕೈ. ಮೊದಲ ನಾಲ್ಕೈದು ಈಡಿಗೆ ನಳಿಗೆಯಿಂದ ತೆಳ್ಳಗೆ ಹೊಗೆ ಬಂತು. ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಿರಲಿ ಎಂದು ಹಚ್ಚಿದ ಎಣ್ಣೆ ಉರಿಯುವುದು ಅದು, ಸಹಜ. ಆಮೇಲೆ ಹತ್ತು ಛರೆ (ಸೀಸದ ಸಣ್ಣ ಗುಂಡು) ಹೊಡೆದು ಕಾಗದ ಬಿಚ್ಚಿ ತಂದೆ.

ಎಲ್ಲವೂ ಕೆಳಗೆ. ಕೆಳಗೆ ಬೀಳುವುದಕ್ಕೆ ನನ್ನ ತಕರಾರಿಲ್ಲ, ಗುರಿ ಹಿಡಿಯುವ ಸೈಟು ಎತ್ತಿದರೆ ಆಯಿತು. ತಕರಾರು ಇದ್ದದ್ದು ಅವು ಬಿದ್ದ ಆಕಾರದ ಬಗ್ಗೆ. ಎಡ-ಬಲಕ್ಕೆ ಒಂದು ಸೆಂಟಿಮೀಟರಿನೊಳಗೇ ಇವೆ, ಮೇಲೆ-ಕೆಳಗೆ ಮಾತ್ರ ಮೂರು ಸೆಂಟಿಮೀಟರಿನ ಮೇಲೆ ಹರಡಿವೆ. ಮರದ ಮೇಲೆ ಸಾಲು ಹಿಡಿದು ಹತ್ತುವ ಇರುವೆಯ ಹಾಗೆ ಲಂಬ ಗೆರೆ. ನಳಿಗೆ ಸೊಟ್ಟಗಿದ್ದರೆ ಎಲ್ಲವೂ ಒಂದೇ ಕಡೆ ಸೊಟ್ಟಗೆ ಹೋಗಬೇಕಿತ್ತು. ಕೈ ನಡುಗಿದ್ದರೆ ಎಲ್ಲ ದಿಕ್ಕಿಗೂ ಚೆಲ್ಲಬೇಕಿತ್ತು. ಲಂಬ ಗೆರೆ ಬಂತೆಂದರೆ ಒಂದೊಂದು ಛರೆ ಒಂದೊಂದು ವೇಗದಲ್ಲಿ ಹೊರಡುತ್ತಿದೆ ಎಂದರ್ಥ. ನಿಧಾನದ್ದು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ಹೆಚ್ಚು ಕೆಳಗೆ ಇಳಿಯುತ್ತದೆ.

ಮಾರಿದವನಿಗೆ ಫೋನು ಮಾಡಿದೆ. ‘ಹೊಸದಲ್ವಾ ಸಾರ್, ಐನೂರು ಶಾಟ್ ಹೊಡೀರಿ, ತಾನೇ ಸೆಟ್ ಆಗ್ತದೆ.’ ಅದೂ ಪೂರ್ತಿ ಸುಳ್ಳಲ್ಲ, ಹೊಸ ಸ್ಪ್ರಿಂಗು-ವಾಸರು ಕೂರಲಿಕ್ಕೆ ಸ್ವಲ್ಪ ಈಡು ಬೇಕು. ಆದರೆ ಹೀಗೆ ಸಾಲಾಗಿ ಇಳಿಯುವುದು ತಾನೇ ಕೂರುವ ಲಕ್ಷಣವಲ್ಲ. ವಾಪಸು ಕಳಿಸಿದರೆ ಚೌತಿಯಲ್ಲ, ದೀಪಾವಳಿಯೂ ದಾಟುತ್ತದೆ ಎಂದು ಅವನ ಮಾತಿನ ಧಾಟಿಯಲ್ಲೇ ತಿಳಿಯಿತು.

ವೇಗ ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ, ಮೊಬೈಲು ಇದೆ. ನಳಿಗೆಯ ಪಕ್ಕ ಮೊಬೈಲಿಟ್ಟು ಸದ್ದು ರೆಕಾರ್ಡು ಮಾಡಿದರೆ ಹೊಡೆದ ಸದ್ದು ಒಂದು, ತಾಗಿದ ಸದ್ದು ಒಂದು ಸಿಗುತ್ತದೆ. ನಡುವಿನ ಅಂತರವನ್ನು ಸದ್ದಿನ ಗೆರೆ ತೋರಿಸುವ ಆಪಿನಲ್ಲಿ ಮಿಲಿಸೆಕೆಂಡಿನವರೆಗೆ ಅಳೆಯಬಹುದು. ಅದರಲ್ಲಿ ಸದ್ದು ಹತ್ತು ಮೀಟರು ಹಿಂದೆ ಬರುವ 29 ಮಿಲಿಸೆಕೆಂಡು ಕಳೆದರೆ ಉಳಿದದ್ದು ಛರೆ ಓಡಿದ ಹೊತ್ತು. ಮರಳು ಚೀಲಕ್ಕೆ ಬಿದ್ದರೆ ಸದ್ದೇ ಬರುವುದಿಲ್ಲ. ತಗಡು ಕಟ್ಟಿದರೆ ಛರೆ ಪುಟಿದು ಕಣ್ಣಿಗೆ ಬರುತ್ತದೆ. ಕೊನೆಗೆ ಹೊಳೆದದ್ದು ಅಡಿಕೆ ಹಾಳೆ. ಚೆನ್ನಾಗಿ ಒಣಗಿದ ಹಾಳೆಯನ್ನು ಮರಳು ಚೀಲದಿಂದ ಒಂದು ಗೇಣು ಮುಂದೆ ಬಿಗಿಯಾಗಿ ಕಟ್ಟಿದರೆ ಛರೆ ಅದನ್ನು ತೂತು ಮಾಡಿಕೊಂಡು ಹೋಗುತ್ತದೆ, ಹೋಗುವಾಗ ‘ಟಪ್’ ಎಂದು ಚಂಡೆ ಬಡಿದ ಹಾಗೆ ಸದ್ದು ಬಿಡುತ್ತದೆ. ತೊಂದರೆ ಒಂದೇ. ಕೊಟ್ಟಿಗೆಯ ಮಾಡು ತಗಡಿನದ್ದು, ಶಿರಸಿಯ ಆಗಸ್ಟು ಮಳೆ. ಮಳೆ ಬಿದ್ದರೆ ಟಪ್ಪೂ ಇಲ್ಲ, ಗುಪ್ಪೂ ಇಲ್ಲ. ಹೊಳವಾಗುವುದನ್ನು ಕಾದು ಕೂತು ಒಂದು ದಿನಕ್ಕೆ ಹನ್ನೆರಡು ಈಡು ಅಳೆದದ್ದೂ ಇದೆ.

ಪೆಟ್ಟಿಗೆಯ ಮೇಲೆ ಬರೆದದ್ದು ಸೆಕೆಂಡಿಗೆ 120 ಮೀಟರು. ನನಗೆ ಸಿಕ್ಕ ಅಂತರ 142ರಿಂದ 168 ಮಿಲಿಸೆಕೆಂಡು, ಅಂದರೆ ವೇಗ 88ರಿಂದ 72. ಪುಸ್ತಕದ ಲೆಕ್ಕ ಹಾಕಿದೆ. 88ರದ್ದು ಹತ್ತು ಮೀಟರಿನಲ್ಲಿ ಆರು ಸೆಂಟಿಮೀಟರಿನಷ್ಟು ಇಳಿಯಬೇಕು, 72ರದ್ದು ಒಂಬತ್ತೂವರೆ. ವ್ಯತ್ಯಾಸ ಮೂರು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಕಾಗದದ ಮೇಲಿನ ಇರುವೆ ಸಾಲಿನ ಉದ್ದವೂ ಅಷ್ಟೇ. ಕಾಯಿಲೆ ಸಿಗದೆಯೂ ಆ ರಾತ್ರಿ ನನಗೆ ಒಳ್ಳೇ ನಿದ್ದೆ ಬಂತು.

ಗಾಳಿ ಸೋರುತ್ತಿದೆ ಎಂದಾದ ಮೇಲೆ ಎಲ್ಲಿ ಎಂದು ನೋಡಬೇಕು. ಸೋರಲಿಕ್ಕೆ ದೊಡ್ಡ ಜಾಗ ಎರಡೇ: ನಳಿಗೆ ಸಿಲಿಂಡರಿಗೆ ಬಂದು ಕೂರುವ ಬಾಯಿ, ಇಲ್ಲವೇ ಒಳಗಿನ ಪಿಸ್ಟನ್ನಿನ ವಾಸರ್. ಬಾಯಿಯ ಪರೀಕ್ಷೆ ಸುಲಭ. ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯನ್ನು ಸಂದಿನ ಮೇಲೆ ಸಡಿಲವಾಗಿ ಇಟ್ಟು ಹೊಡೆಯುವುದು. ಹೊಡೆದೆ. ಪಟ್ಟಿ ಹಾರಿ ಹೋಗಿ ಗೋದಲಿಯಲ್ಲಿ ಬಿತ್ತು.

ಆಗಸ್ಟ್ 18, ಭಾನುವಾರ. ನಳಿಗೆ ಮುರಿದು ಬಾಯಿ ನೋಡಿದೆ. (ಮುರಿದಾಗ ನಳಿಗೆಯನ್ನು ಒಂದು ಕೈಯಲ್ಲಿ ಗಟ್ಟಿ ಹಿಡಿದೇ ಇನ್ನೊಂದು ಕೈ ಒಳಗೆ ಹಾಕಬೇಕು. ಸ್ಪ್ರಿಂಗು ತಪ್ಪಿದರೆ ನಳಿಗೆ ಅಡಕತ್ತರಿಯ ಹಾಗೆ ಮುಚ್ಚುತ್ತದೆ, ನಡುವೆ ಇರುವುದು ಅಡಿಕೆಯಲ್ಲ, ಬೆರಳು.) ಸುತ್ತ ಕೊರೆದ ಒಂದು ತೋಡು, ಅದರಲ್ಲಿ 2 ಮಿಲಿಮೀಟರ್ ದಪ್ಪದ ಓ-ರಿಂಗು, ಗಾಳಿ ತಡೆಯುವ ರಬ್ಬರ್ ಬಳೆ. ಉಗುರು ಆಡಿಸಿದರೆ ರಿಂಗು ಲೋಹದ ಮಟ್ಟಕ್ಕಿಂತ ಒಳಗೇ ಇದೆ ಅನಿಸಿತು. ರಿಂಗು ತೆಗೆದು ವರ್ನಿಯರಿನ (ಸೂಕ್ಷ್ಮ ಅಳತೆಯ ಮಾಪಕ) ಬಾಲ ಇಳಿಸಿ ಅಳೆದರೆ ತೋಡಿನ ಆಳ 2.1 ಮಿಲಿಮೀಟರು. ಒತ್ತಿ ಕೂರಬೇಕಾದ ರಿಂಗು ಗುಂಡಿಯಲ್ಲಿ ಅಡಗಿ ಕೂತಿದೆ, ಬಾಯಿಗೆ ತಾಗುವುದೇ ಇಲ್ಲ. ದಪ್ಪದ ರಿಂಗು ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗುವ ಬದಲು ಅಡಿಗೆ ಏನಾದರೂ ಹಾಕಿ ಎತ್ತುವ ಎಂದುಕೊಂಡೆ. ಅಪ್ಪನ ಮೊಣಕಾಲಿನ ಹಳೇ ಎಕ್ಸರೇ ಫಿಲ್ಮು ಕಪಾಟಿನಲ್ಲಿತ್ತು, ದಪ್ಪ 0.2. ತೂತು ಹೊಡೆಯುವ ಪಂಚಿನಲ್ಲಿ ಬಳೆ ಕತ್ತರಿಸಿ ತೋಡಿನ ಅಡಿಗೆ ಹಾಸಿದೆ. ದುರಾಸೆಗೆ ಎರಡು ಪದರ ಹಾಸಿ ನೋಡಿದರೆ ನಳಿಗೆ ಲಾಕೇ ಆಗಲಿಲ್ಲ. ಒಂದೇ ಪದರ ಸರಿಯಾಯಿತು, ರಿಂಗು ಕೂದಲೆಳೆಯಷ್ಟು ಮೇಲೆ ಬಂತು. ಟಿಶ್ಯೂ ಪಟ್ಟಿ ಈಗ ಮಿಸುಕಲಿಲ್ಲ.

ವೇಗ 85ರಿಂದ 97. ಸುಧಾರಿಸಿತು, ಆದರೆ ರೋಗ ಹೋಗಲಿಲ್ಲ. ಇರುವೆ ಸಾಲು ಅರ್ಧ ಗಿಡ್ಡವಾಯಿತು ಅಷ್ಟೇ.

ಇಲ್ಲಿ ನಾನೊಂದು ಪೆದ್ದುತನ ಮಾಡಿದೆ. ಪಂಪಿನ ವಾಸರ್ ಒಣಗಿದ್ದರೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಉಬ್ಬಿ ಕೂರುತ್ತದೆ, ಇಪ್ಪತ್ತು ವರ್ಷದಿಂದ ಕೈಗೆ ಬಂದ ರೂಢಿ. ಅದೇ ಕೈ ಹೊಲಿಗೆ ಯಂತ್ರದ ಎಣ್ಣೆಯ ಕೊಕ್ಕನ್ನು ಗಾಳಿ ಬರುವ ತೂತಿಗೆ ಇಟ್ಟು ಎರಡು ಹನಿ ಬಿಟ್ಟಿತು. ಹೊಡೆದದ್ದೇ ತಡ, ‘ಢಮಾರ್’. ನಿಜದ ಕೋವಿಯದ್ದೇ ಸದ್ದು. ಬಾಯಿಯಿಂದ ಬಿಳಿ ಹೊಗೆ, ಕೊಟ್ಟಿಗೆ ತುಂಬ ಸುಟ್ಟ ಎಣ್ಣೆಯ ವಾಸನೆ. ಪಕ್ಕದ ಮನೆಯವರು ಕೊಡೆಯನ್ನೂ ಹಿಡಿಯದೆ ಓಡಿ ಬಂದು, ‘ಎಂತ ಆತೋ? ಹಂದಿ ಬಂದಿತ್ತನಾ?’ ಎಂದರು. ಎರಡನೇ ಈಡು, ಮೂರನೇ ಈಡೂ ಹಾಗೇ. ಅಳೆದರೆ ವೇಗ 145! ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತಲೂ ಹೆಚ್ಚು. ಒಂದು ಕ್ಷಣ ಗೆದ್ದೆ ಅನಿಸಿದ್ದು ಸುಳ್ಳಲ್ಲ.

ಆದದ್ದು ಡೀಸೆಲ್ ಎಂಜಿನ್ನಿನಲ್ಲಿ ಆಗುವುದೇ. ಪಿಸ್ಟನ್ನು ಗಾಳಿಯನ್ನು ಒಮ್ಮೆಲೇ ಒತ್ತಿದಾಗ ಗಾಳಿ ಕಾಯುತ್ತದೆ, ಅಲ್ಲಿ ಸಾದಾ ಎಣ್ಣೆ ಇದ್ದರೆ ಹೊತ್ತಿಕೊಳ್ಳುತ್ತದೆ. ಛರೆಯನ್ನು ದೂಡಿದ್ದು ಗಾಳಿಯಲ್ಲ, ಬೆಂಕಿ. ಹೀಗೆ ಹತ್ತಾರು ಸಲ ಆದರೆ ವಾಸರ್ ಸುಡುತ್ತದೆ, ಸ್ಪ್ರಿಂಗು ಮುರಿಯುತ್ತದೆ. ಎಂಟನೇ ಈಡಿಗೆ ಎಣ್ಣೆ ಉರಿದು ಮುಗಿಯಿತು, ವೇಗ ಮತ್ತೆ 90ಕ್ಕೆ ಬಂದು ಕೂತಿತು. ಆ ಹೊತ್ತಿಗೆ ಪಕ್ಕದ ಮನೆಯವರು ಕಾಫಿ ಕುಡಿದು, ಇದರಲ್ಲಿ ಮಂಗ ಓಡಿಸಲಿಕ್ಕೆ ಬರ್ತದಾ ಎಂದು ಕೇಳಿಯೂ ಆಗಿತ್ತು. ಬರುವುದಿಲ್ಲ ಎಂದೆ. ಮಂಗನಿಗೆ ಕಾಯಿದೆಯ ರಕ್ಷಣೆ ಇದೆ, ಅದು ಒಂದು ಮಾತು. ಮೂರು ಜೂಲಿನ ಛರೆ ಮಂಗನನ್ನು ಓಡಿಸುವುದಿಲ್ಲ, ಹುಣ್ಣು ಮಾಡುತ್ತದೆ, ಆ ಹುಣ್ಣು ಕೊಳೆತು ಅದು ನಿಮ್ಮ ತೋಟದಲ್ಲೇ ಬಂದು ಸಾಯುತ್ತದೆ. ಅವರಿಗೆ ಎರಡನೇ ಮಾತು ನಾಟಿದ ಹಾಗೆ ಕಂಡಿತು.

ಒಳಗೆ ಬಿಚ್ಚದೆ ಗತಿಯಿರಲಿಲ್ಲ. ಬಿಚ್ಚಿದರೆ ಗ್ಯಾರಂಟಿ ಹೋಯಿತು, ಹೋಗಲಿ.

ಆಗಸ್ಟ್ 25. ಬಿಚ್ಚುವ ಮೊದಲು ಒಂದು ಮಾತು. ನಳಿಗೆ ಮುರಿದು ಎಳೆಯದೇ ಇದ್ದಾಗಲೂ ಒಳಗಿನ ಸ್ಪ್ರಿಂಗು ಒತ್ತಿ ಕೂತೇ ಇರುತ್ತದೆ. ಹಿಂದಿನ ಅಡ್ಡ ಪಿನ್ನು ಬಡಿದು ತೆಗೆದರೆ ಹಿಂದಿನ ಕಟ್ಟೆ ಎದೆಗೆ ಬಂದು ಬಡಿಯುತ್ತದೆ. ಗಾಳಿಯದ್ದು ಅಲ್ವಾ ಎಂದು ಹಗುರ ಮಾಡುವವರ ಹಲ್ಲು ಹೋಗುವುದು ಇಲ್ಲೇ. ಹಲಸಿನ ಹಲಗೆಯಲ್ಲಿ ಪಿಸ್ತೂಲು ಕೂರುವಷ್ಟು ತೋಡು ಕೊರೆದು, ಉದ್ದದ ಬಡಗಿ ಕ್ಲ್ಯಾಂಪಿನಿಂದ ಮುಂದೆ-ಹಿಂದೆ ಹಿಡಿದೆ. ಛರೆ ಇಲ್ಲ ಎಂದು ಎರಡು ಸಲ ನೋಡಿಕೊಂಡೆ. ಕನ್ನಡಕ ಹಾಕಿ, ಮುಖ ಪಕ್ಕಕ್ಕೆ ಮಾಡಿ ಪಿನ್ನು ತೆಗೆದೆ. ಆಮೇಲೆ ಕ್ಲ್ಯಾಂಪನ್ನು ಕಾಲು ಸುತ್ತು, ಕಾಲು ಸುತ್ತು ಬಿಡುತ್ತಾ ಬಂದೆ. ಸ್ಪ್ರಿಂಗು ಮೂರೂವರೆ ಸೆಂಟಿಮೀಟರು ಉಸಿರು ಬಿಟ್ಟು ಸುಮ್ಮನಾಯಿತು.

ಪಿಸ್ಟನ್ನು ಹೊರಗೆ ಬಂದಾಗ ತುದಿಯ ಪ್ಲಾಸ್ಟಿಕ್ ವಾಸರಿನ ಅಂಚಿನಲ್ಲಿ ಆರೇಳು ಮಿಲಿಮೀಟರು ಉದ್ದಕ್ಕೆ ಸೀಳು. ಉಗುರು ಕತ್ತರಿಸಿದಂತೆ ಚಂದ್ರಾಕಾರದ ಚೂರು ಇನ್ನೂ ಒಂದು ತುದಿಯಲ್ಲಿ ಅಂಟಿಕೊಂಡು ನೇತಾಡುತ್ತಿತ್ತು. ಹೊಡೆದಾಗೆಲ್ಲ ಆ ಚೂರು ಒಮ್ಮೆ ಮಡಚುತ್ತದೆ, ಒಮ್ಮೆ ಮುಚ್ಚಿಕೊಳ್ಳುತ್ತದೆ. ವೇಗ ಏರಿಳಿಯುತ್ತಿದ್ದದ್ದು ಅದಕ್ಕೆ. ಎಣ್ಣೆ ಉರಿದ ಜಾಗದಲ್ಲಿ ಅಂಚು ಸ್ವಲ್ಪ ಕಂದಾಗಿಯೂ ಇತ್ತು, ಅದು ನನ್ನ ಕೊಡುಗೆ.

ವಾಸರ್ ಬದಲು ಮಾಡಿ ಮುಚ್ಚಿಬಿಡಬಹುದಿತ್ತು. ಪಂಪಿನವರು ಹತ್ತರಲ್ಲಿ ಒಂಬತ್ತು ಜನ ಹಾಗೇ ಮಾಡುವುದು, ಅದಕ್ಕೇ ಅದೇ ಪಂಪು ಹದಿನೈದು ದಿನಕ್ಕೆ ವಾಪಸು ಬರುತ್ತದೆ. ಹೊಸ ವಾಸರ್ ತಾನಾಗಿ ಸೀಳುವುದಿಲ್ಲ, ಯಾವುದೋ ಸೀಳಿದೆ. ಸಿಲಿಂಡರನ್ನು ಬಲ್ಬಿಗೆ ಹಿಡಿದು ಒಳಗೆ ನೋಡಿದೆ, ಕನ್ನಡಿಯ ಹಾಗೆ ನುಣುಪು. ನಳಿಗೆ ಮುರಿದಾಗ ಸ್ಪ್ರಿಂಗು ಎಳೆಯುವ ಕೊಂಡಿ ಓಡಾಡುವ ಉದ್ದದ ಸೀಳು ಅಡಿಯಲ್ಲಿದೆ. ಪಿಸ್ಟನ್ನು ಒಳಗೆ ತೂರಿಸುವಾಗ ವಾಸರ್ ಆ ಸೀಳನ್ನು ದಾಟಿಯೇ ಹೋಗಬೇಕು. ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಯನ್ನು ಅದರ ಒಳ ಅಂಚಿನುದ್ದಕ್ಕೂ ಎಳೆದೆ. ಮುಂದಿನ ಮೂಲೆಗೆ ಬಂದಾಗ ಹತ್ತಿ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದ ಮುಳ್ಳು. ಮಿಲ್ಲಿಂಗ್ ಕಟರ್ ಹೊರಗೆ ಬರುವಾಗ ಎಬ್ಬಿಸಿ ಬಿಟ್ಟ ಉಕ್ಕಿನ ಗೀರು, ಕಾರ್ಖಾನೆಯಲ್ಲಿ ಯಾರೂ ಅರ ಹಾಕಿಲ್ಲ. ಜೋಡಿಸುವವನು ವಾಸರನ್ನು ಅದರ ಮೇಲೆಯೇ ದೂಡಿದ್ದಾನೆ, ಮೊದಲ ಈಡಿಗೆ ಮೊದಲೇ ಅದು ಸೀಳಿ ಆಗಿದೆ. ಐನೂರಲ್ಲ, ಐದು ಸಾವಿರ ಹೊಡೆದರೂ ಸೆಟ್ ಆಗುತ್ತಿರಲಿಲ್ಲ.

ಬೆಂಡೆಕಾಯಿ ದಪ್ಪದ ಕಡ್ಡಿಗೆ 600 ನಂಬರಿನ ಎಮರಿ ಕಾಗದ ಸುತ್ತಿ ಸೀಳಿನ ಸುತ್ತಲ ಒಳ ಅಂಚನ್ನು ಮೆಲ್ಲಗೆ ಉಜ್ಜಿದೆ, ಆಮೇಲೆ 1000. ಬೋರಿನ ಗೋಡೆಗೆ ಕಾಗದ ತಾಗದ ಹಾಗೆ ಬಟ್ಟೆ ತುರುಕಿದ್ದೆ. ಹತ್ತಿ ಎಲ್ಲಿಯೂ ಹಿಡಿಯದಷ್ಟಾದಾಗ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಿಳಿ ಬಟ್ಟೆ ಹೊರಬಂದಾಗ ಬೆಳ್ಳಗೇ ಇರುವವರೆಗೆ ಮತ್ತೆ ಒರೆಸಿದೆ. ಎಮರಿಯ ಪುಡಿಯಾಗಲಿ ಸೀಮೆಎಣ್ಣೆಯ ಪಸೆಯಾಗಲಿ ಉಳಿದರೆ ಮತ್ತೆ ಅದೇ ರಾಮಾಯಣ.

ಪ್ಲಾಸ್ಟಿಕ್ ವಾಸರ್ ತರಿಸಲಿಕ್ಕೆ ದಿನವಿಲ್ಲ. ಚರ್ಮದ್ದು ಮಾಡುವ ಎಂದು ನಿರ್ಧರಿಸಿದೆ, ಹಳೇ ಕಾಲದ ಗಾಳಿ ಕೋವಿಗೆಲ್ಲ ಅದೇ ಇದ್ದದ್ದು. ಅಂಗಡಿಯಲ್ಲಿ ಪಂಪಿಗೆಂದು ತಂದ ಮೂರು ಮಿಲಿಮೀಟರ್ ದಪ್ಪದ ಚರ್ಮ ಇತ್ತು. ದುಂಡಗೆ ಕತ್ತರಿಸಿ ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಸಿಲಿಂಡರಿನ ಬೋರಿಗೇ ಸರಿಯಾಗಿ 25 ಮಿಲಿಮೀಟರಿಗೆ ಲೇತಿನಲ್ಲಿ ಕೊರೆದ ಬುಷ್ಷಿನೊಳಗೆ ಬೋಲ್ಟು ಹಾಕಿ ಬಟ್ಟಲಿನ ಆಕಾರಕ್ಕೆ ಒತ್ತಿ ಬಿಟ್ಟೆ. ಒಣಗಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಬನಿಯನ್ನೇ ಮೂರು ದಿನಕ್ಕೆ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಚರ್ಮ ಸುಕ್ಕಿ ಹುರಿದ ಹಪ್ಪಳ, ತಟ್ಟಿದರೆ ಟಣ್ ಎನ್ನುತ್ತದೆ. ಎಸೆದೆ. ಎರಡನೆಯದನ್ನು ಫ್ರಿಜ್ಜಿನ ಹಿಂದಿನ ಬೆಚ್ಚನೆಯ ಜಾಗದಲ್ಲಿ ಇಟ್ಟೆ. ನಾಲ್ಕು ದಿನ ತೆಗೆದುಕೊಂಡಿತು, ಆದರೆ ಬಟ್ಟಲು ಹದವಾಗಿ, ಬೆರಳಿಗೆ ಮಣಿಯುವ ಹಾಗೆ ಬಂತು. ಅಂಚನ್ನು ಹೊಸ ಬ್ಲೇಡಿನಲ್ಲಿ ಒಂದೇ ಮಟ್ಟಕ್ಕೆ ಕತ್ತರಿಸಿದೆ.

ಎಣ್ಣೆಯ ಪಾಠ ಕಲಿತಾಗಿತ್ತು. ಸುಲಭಕ್ಕೆ ಹೊತ್ತಿಕೊಳ್ಳದ ಸಿಲಿಕಾನ್ ಎಣ್ಣೆ ಬೇಕು. ಜಿಮ್ಮಿನವರು ಟ್ರೆಡ್‌ಮಿಲ್ಲಿನ ಪಟ್ಟಿಗೆ ಹಾಕುವುದೂ ಅದನ್ನೇ ಎಂದು ನೆನಪಾಗಿ, ಪರಿಚಯದವನ ಹತ್ತಿರ ಔಷಧದ ಶೀಶೆಯಲ್ಲಿ ಸ್ವಲ್ಪ ಬೇಡಿ ತಂದೆ. ಒಂದು ರಾತ್ರಿ ಚರ್ಮವನ್ನು ಅದರಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಒರೆಸಿ ಪಿಸ್ಟನ್ನಿಗೆ ಬಿಗಿದೆ. ಸ್ಪ್ರಿಂಗಿಗೆ ಮಾತ್ರ ತೆಳ್ಳಗೆ ಗ್ರೀಸು, ಅದೂ ವಾಸರಿನ ಹಿಂದೆಯೇ ನಿಲ್ಲುವಷ್ಟು. ಪಿಸ್ಟನ್ನು ಒಳಗೆ ಹೋಗುವಾಗ ಸೀಳಿನ ಜಾಗದಲ್ಲಿ ಅಪ್ಪನ ಎಕ್ಸರೇಯ ಉಳಿದ ತುಂಡನ್ನು ಒಳಗಿನಿಂದ ಹಾಸಿ, ವಾಸರ್ ಅದರ ಮೇಲೆ ಜಾರಿ ದಾಟಿದ ಮೇಲೆ ಎಳೆದುಕೊಂಡೆ. ಮುಳ್ಳು ಹೋಗಿದೆ ಎಂದು ಗೊತ್ತಿದ್ದರೂ ಕೈ ಕೇಳಲಿಲ್ಲ.

ಸೆಪ್ಟೆಂಬರ್ 4, ಬುಧವಾರ. ಮಧ್ಯಾಹ್ನ ಸ್ವಲ್ಪ ಹೊಳವು. ಖಾಲಿ ಹೊಡೆದು ನೋಡುವ ಚಪಲ ಬಂತು, ತಡೆದುಕೊಂಡೆ. ಛರೆ ಇಲ್ಲದೆ ಹೊಡೆದರೆ ಪಿಸ್ಟನ್ನಿಗೆ ಎದುರು ಒತ್ತಡ ಇರುವುದಿಲ್ಲ, ನೇರ ಹೋಗಿ ಗೋಡೆಗೆ ಗುದ್ದುತ್ತದೆ. ಛರೆ ಹಾಕಿಯೇ ಮೊದಲ ಈಡು. ಸದ್ದೇ ಬೇರೆ. ಮುಂಚೆ ಸ್ಪ್ರಿಂಗು ‘ಟ್ವಂಯ್’ ಎನ್ನುತ್ತಿತ್ತು, ಈಗ ಮರದ ಡಬ್ಬಿ ಮುಚ್ಚಿದಂತೆ ‘ಟಕ್’. ಅಂತರ 116 ಮಿಲಿಸೆಕೆಂಡು. ಮುಂದಿನದ್ದು 114. ಹತ್ತು ಈಡಿನಲ್ಲಿ 113ರ ಕೆಳಗೂ ಇಲ್ಲ, 116ರ ಮೇಲೂ ಇಲ್ಲ. ವೇಗಕ್ಕೆ ತಿರುಗಿಸಿದರೆ 115ರಿಂದ 119. ಪೆಟ್ಟಿಗೆಯವನು ಬರೆದ 120ಕ್ಕೆ ಒಂದು ಕಡಿಮೆ, ಅದನ್ನು ಅವನಿಗೆ ಬಿಟ್ಟುಕೊಟ್ಟೆ. ಅಕ್ಕಿ ಚೀಲದ ಮೇಲೆ ಕೈಯಿಟ್ಟು ಐದು ಹೊಡೆದರೆ ಐದೂ ಒಂದು ರೂಪಾಯಿ ನಾಣ್ಯದೊಳಗೆ. ಲಂಬ ಗೆರೆ ಇಲ್ಲ.

ಒಂದು ಬಾಕಿ ಉಳಿದಿದೆ. ಟ್ರಿಗರು ಭಾರ. ನೀರಿನ ಬಾಟಲಿ ಕಟ್ಟಿ ತೂಗಿದರೆ ಒಂದು ಕಿಲೋದ ಹತ್ತಿರ ಹೋಗುತ್ತದೆ, ಸ್ಪರ್ಧೆಯಲ್ಲಿ 500 ಗ್ರಾಮಿಗೆ ಕಡಿಮೆ ಇರಬಾರದು ಅಷ್ಟೇ. ಹಗುರ ಮಾಡಿಕೊಡು ಎಂದು ಕೂಸು ಚೌತಿಯ ದಿನವೇ ದುಂಬಾಲು ಬಿತ್ತು. ಕೊಕ್ಕೆ ಕೊಕ್ಕೆಗೆ ಕಚ್ಚುವ ಆ ಜಾಗಕ್ಕೆ ಮಾತ್ರ ನಾನು ಅರ ಹಾಕುವುದಿಲ್ಲ. ವಾಸರ್ ತಪ್ಪಿದರೆ ಛರೆ ಕೆಳಗೆ ಬೀಳುತ್ತದೆ, ಆ ಕೊಕ್ಕೆ ತಪ್ಪಿದರೆ ಟ್ರಿಗರು ಮುಟ್ಟದೆಯೇ ಹಾರುತ್ತದೆ.

ಸೆಪ್ಟೆಂಬರ್ 8. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮಾರನೇ ದಿನ ಕೂಸು ಕೊಟ್ಟಿಗೆಯಲ್ಲಿ ನಿಂತು ಒಂದೇ ಕೈಯಲ್ಲಿ ಅರವತ್ತು ಛರೆ ಹೊಡೆಯಿತು. ಹತ್ತರ ಉಂಗುರಕ್ಕೆ ಎರಡು, ಗುರಿಯ ಕಾಗದದ ಹೊರಗೆ ನಾಲ್ಕು. ಸೀಸ ಮುಟ್ಟಿದ ಕೈಯಲ್ಲೇ ಪಂಚಕಜ್ಜಾಯದ ಡಬ್ಬಿಗೆ ಕೈ ಹಾಕಲು ಹೋದವಳನ್ನು ಬಚ್ಚಲಿಗೆ ಅಟ್ಟಿದೆ. ಅಷ್ಟರಲ್ಲಿ ಅಮ್ಮ ಕೊಟ್ಟಿಗೆಗೆ ಬಂದು, ಮಾಡಿನ ಕೆಳಗೆ ಜೋಪಾನ ಮಾಡಿಟ್ಟ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಹದಿನಾಲ್ಕರಲ್ಲಿ ಹನ್ನೊಂದು ಜರಡಿ. ಈ ಮಳೆಯಲ್ಲಿ ಒಣ ಹಾಳೆ ಎಲ್ಲಿಂದ ತರ್ತೆ ಎಂದು ಕೇಳಿದಳು, ನಾನು ಸ್ಕ್ರೂ ಡ್ರೈವರು ಹುಡುಕುವವನ ಹಾಗೆ ಮೇಜಿನ ಕೆಳಗೆ ಬಗ್ಗಿದೆ.